ದೂರದೂರದ ತಂಡಕ್ಕೆ ಗಿಟ್: ಒಬ್ಬರು ಮಲಗಿದಾಗ ಇನ್ನೊಬ್ಬರ ಕೆಲಸ ನಿಲ್ಲದ ಹಾಗೆ

ಬೆಳಗ್ಗೆ 10 ಗಂಟೆ. ಜಯನಗರದ ಆಫೀಸಿನಲ್ಲಿ ಕಾಫಿ ಮುಗಿಸಿ ಲ್ಯಾಪ್‌ಟಾಪ್ ತೆರೆಯುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಸಹೋದ್ಯೋಗಿ ಒಂದು ಫೈಲಿನಿಂದ ಆರು ಸಾಲು ತೆಗೆದುಹಾಕಿದ್ದಾರೆ. ಯಾಕೆ ಅಂತ ಎಲ್ಲೂ ಬರೆದಿಲ್ಲ. ಅಲ್ಲಿ ಈಗ ಹಿಂದಿನ ದಿನದ ರಾತ್ರಿ 9:30. ಅವರು ಲ್ಯಾಪ್‌ಟಾಪ್ ಮುಚ್ಚಿ ಆಗಲೇ ಮೂರು ಗಂಟೆ ದಾಟಿದೆ. ಚಾಟ್‌ನಲ್ಲಿ ಕೇಳಿ ಬಿಟ್ಟರೆ ಉತ್ತರ ನನ್ನ ಕಣ್ಣಿಗೆ ಬೀಳುವುದು ನಾಳೆ ಬೆಳಗ್ಗೆ. ಆ ಉತ್ತರ ಸರಿಯಾಗಿ ಅರ್ಥವಾಗದಿದ್ದರೆ ನಾಡಿದ್ದು.

ಅವರು ಪಕ್ಕದ ಕುರ್ಚಿಯಲ್ಲೇ ಇದ್ದಿದ್ದರೆ ಇದು ಎರಡು ನಿಮಿಷದ ಮಾತು. ದೂರದ ತಂಡದಲ್ಲಿ ಒಂದು ಪ್ರಶ್ನೆಯ ಬೆಲೆ ಒಂದು ದಿನ. ಗಿಟ್ ಅಂದರೆ ಫೈಲುಗಳಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಿಸಿಡುವ ಸಾಫ್ಟ್‌ವೇರ್. ನಮ್ಮ ಗಿಟ್ ಪದ್ಧತಿಯನ್ನೆಲ್ಲ ಈ ಒಂದೇ ಲೆಕ್ಕದ ಮೇಲೆ ಕಟ್ಟಿಕೊಂಡಿದ್ದೇವೆ. ನಾವು ಏಳು ಜನ: ಬೆಂಗಳೂರಿನಲ್ಲಿ ಮೂವರು, ಹುಬ್ಬಳ್ಳಿಯಲ್ಲಿ ಒಬ್ಬರು, ಶಿರಸಿ ಹತ್ತಿರದ ಹಳ್ಳಿಯ ಮನೆಯಿಂದಲೇ ಕೆಲಸ ಮಾಡುವವರು ಒಬ್ಬರು, ಬರ್ಲಿನ್‌ನಲ್ಲಿ ಒಬ್ಬರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬರು. ನಮಗೆ ಕೆಲಸಕ್ಕೆ ಬಂದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕಮ್ಯಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ.

ಮೊದಲು ಒಂದು ಮಾತು. ಗಿಟ್ ಹುಟ್ಟಿದ್ದೇ ದೂರದ ಜನರಿಗಾಗಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರು ಹಲವು ದೇಶಗಳಲ್ಲಿ ಹರಡಿದ್ದರು. ಅವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಇಂಥದ್ದೇ ಸಾಫ್ಟ್‌ವೇರ್ 2005ರಲ್ಲಿ ಉಚಿತವಾಗಿ ಸಿಗುವುದು ನಿಂತುಹೋಯಿತು. ಅದೇ ಏಪ್ರಿಲ್‌ನಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಶುರು ಮಾಡಿದರು. ಜುಲೈ ಹೊತ್ತಿಗೆ ಅದರ ಹೊಣೆ ಜುನಿಯೊ ಹಮಾನೊ ಅವರ ಕೈಗೆ ಬಂತು. ಅದಕ್ಕೂ ಮುಂಚೆ ಬಹಳ ಕಡೆ ಇದ್ದ ಸಬ್‌ವರ್ಷನ್ ಎಂಬ ಸಾಫ್ಟ್‌ವೇರಿನಲ್ಲಿ ಕಮಿಟ್ ಮಾಡಬೇಕೆಂದರೆ, ಅಂದರೆ ಬದಲಾವಣೆಯನ್ನು ದಾಖಲಿಸಬೇಕೆಂದರೆ, ಸರ್ವರ್ ಸಿಗಲೇಬೇಕಿತ್ತು. ಗಿಟ್‌ನಲ್ಲಿ ಹಾಗಿಲ್ಲ. ಕ್ಲೋನ್ ಮಾಡಿದ, ಅಂದರೆ ತಮ್ಮ ಯಂತ್ರಕ್ಕೆ ನಕಲು ಇಳಿಸಿಕೊಂಡ ಪ್ರತಿಯೊಬ್ಬರ ಬಳಿಯೂ ಪೂರ್ತಿ ಇತಿಹಾಸ ಇರುತ್ತದೆ. ಬೊಮ್ಮಸಂದ್ರದಿಂದ ಹಳದಿ ಮಾರ್ಗದ ಮೆಟ್ರೋದಲ್ಲಿ ಬರುವ ನಮ್ಮ ಗೆಳತಿ ಆರ್.ವಿ. ರೋಡ್ ತಲುಪುವಷ್ಟರಲ್ಲಿ ಎರಡು ಕಮಿಟ್ ಮುಗಿಸಿರುತ್ತಾರೆ, ನೆಟ್ ಇಲ್ಲದೆಯೇ.

ಹೆಜ್ಜೆ 1: ಎಲ್ಲರ ಯಂತ್ರವೂ ಒಂದೇ ಭಾಷೆ ಆಡಲಿ

ಹುಬ್ಬಳ್ಳಿಯವರದ್ದು ವಿಂಡೋಸ್, ಬರ್ಲಿನ್‌ನವರದ್ದು ಮ್ಯಾಕ್, ನನ್ನದು ಲಿನಕ್ಸ್. ಒಮ್ಮೆ ಹುಬ್ಬಳ್ಳಿಯಿಂದ ಒಂದೇ ಸಾಲಿನ ತಿದ್ದುಪಡಿ ಬಂತು. ತೆರೆದು ನೋಡಿದರೆ 400 ಸಾಲೂ ಬದಲಾಗಿದೆ ಅಂತ ಗಿಟ್ ತೋರಿಸುತ್ತಿದೆ. ತಪ್ಪು ಅವರದ್ದಲ್ಲ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಇಡುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದೇ ಇಡುತ್ತವೆ. ಕಣ್ಣಿಗೆ ಕಾಣದ ಆ ಒಂದು ಗುರುತಿಂದ ಇಡೀ ಫೈಲು ಹೊಸದಾಗಿ ಕಂಡಿತು.

ಇದಕ್ಕೆ ಮದ್ದು ಸುಲಭ. ರೆಪೊದ (ಗಿಟ್ ನೋಡಿಕೊಳ್ಳುವ ಫೋಲ್ಡರಿನ) ಬುಡದಲ್ಲಿ .ಗಿಟ್‌ಆಟ್ರಿಬ್ಯೂಟ್ಸ್ ಎಂಬ ಫೈಲು ಇಟ್ಟು, ಅದರಲ್ಲಿ "* ಟೆಕ್ಸ್ಟ್=ಆಟೋ" ಎಂಬ ಒಂದು ಸಾಲು ಬರೆಯಿರಿ. ಹಳೆಯ ರೆಪೊ ಆದರೆ "ಗಿಟ್ ಆಡ್ --ರಿನಾರ್ಮಲೈಸ್ ." ಅಂತ ಒಮ್ಮೆ ಓಡಿಸಿ ಅದನ್ನೇ ಪ್ರತ್ಯೇಕ ಕಮಿಟ್ ಮಾಡಿ. ಬೇರೆ ಕೆಲಸದ ಜೊತೆ ಬೆರೆಸಬೇಡಿ. ಒಬ್ಬೊಬ್ಬರ ಲ್ಯಾಪ್‌ಟಾಪ್ ಸೆಟ್ಟಿಂಗ್ ನಂಬಿಕೊಂಡು ಕೂರುವುದಕ್ಕಿಂತ ಇದು ವಾಸಿ, ಯಾಕೆಂದರೆ ಈ ಫೈಲು ರೆಪೊ ಜೊತೆಗೇ ಎಲ್ಲರ ಮನೆಗೂ ಹೋಗುತ್ತದೆ.

ಫೈಲ್ ಹೆಸರಿನ ವಿಷಯವೂ ಹೀಗೇ. ಕ್ಯಾಪಿಟಲ್ ಅಕ್ಷರದ ಹೆಸರು, ಸ್ಮಾಲ್ ಅಕ್ಷರದ ಹೆಸರು ಎರಡೂ ವಿಂಡೋಸ್ ಮತ್ತು ಮ್ಯಾಕ್‌ಗೆ ಸಾಮಾನ್ಯವಾಗಿ ಒಂದೇ. ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಲ್ಯಾಪ್‌ಟಾಪಿನಲ್ಲಿ ಓಡಿದ್ದು ಸರ್ವರಿನಲ್ಲಿ ಬೀಳುತ್ತದೆ. ಎಲ್ಲ ಫೈಲ್ ಹೆಸರೂ ಸ್ಮಾಲ್ ಅಕ್ಷರದಲ್ಲೇ ಇರಲಿ ಅಂತ ಮೊದಲ ದಿನವೇ ಮಾತಾಡಿಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಎರಡು ಮಾತು ಹೇಳಲೇಬೇಕು. ಕನ್ನಡದ ಫೈಲ್ ಹೆಸರನ್ನು ಗಿಟ್ ಮೊದಲಿಗೆ \340\262 ಎಂದು ಶುರುವಾಗುವ ಅಂಕಿಗಳ ಸಾಲಾಗಿ ತೋರಿಸುತ್ತದೆ. ಫೈಲು ಕೆಟ್ಟಿಲ್ಲ, ಗಾಬರಿ ಬೇಡ. "ಕೋರ್.ಕೋಟ್‌ಪಾತ್" ಎಂಬ ಸೆಟ್ಟಿಂಗನ್ನು "ಫಾಲ್ಸ್" ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಎರಡನೆಯದು ಸ್ವಲ್ಪ ಸೂಕ್ಷ್ಮ. "ಕೊಡು" ಎಂಬ ಪದದ "ಕೊ" ತಗೊಳ್ಳಿ. ಯೂನಿಕೋಡ್‌ನಲ್ಲಿ ಆ "ೊ" ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ "ೆ" ಮತ್ತು "ೂ" ಎರಡನ್ನು ಒಂದರ ಮುಂದೆ ಒಂದು ಇಟ್ಟೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ಥರ. ಗಿಟ್‌ಗೆ ಮಾತ್ರ ಬೇರೆ. ಯಾವುದೋ ಎಡಿಟರ್ ಅಥವಾ ಪರಿವರ್ತಕದಿಂದ ಪೇಸ್ಟ್ ಮಾಡಿದ ಕನ್ನಡ ಸಾಲುಗಳು "ಏನೂ ಬದಲಾಗದೆ ಬದಲಾದವು" ಅಂತ ಕಂಡರೆ ಕಾರಣ ಬಹುಪಾಲು ಇದೇ. "ಸಾಫ್ಟ್‌ವೇರ್" ಥರದ ಪದಗಳ ನಡುವೆ ಕೂರುವ, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತವೂ ಹೀಗೇ ತೊಂದರೆ ಕೊಡುತ್ತದೆ. ನಾವು ಕನ್ನಡ ಪಠ್ಯದ ಫೈಲುಗಳನ್ನೆಲ್ಲ ಕಮಿಟ್‌ಗೆ ಮುಂಚೆ ಎನ್‌ಎಫ್‌ಸಿ ರೂಪಕ್ಕೆ ("ೊ" ಥರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯುವ ರೂಪಕ್ಕೆ) ತರುವ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇವೆ. ಕನ್ನಡ ಆ್ಯಪ್ ಮಾಡುವ ಪ್ರತಿ ತಂಡಕ್ಕೂ ಇದು ಬೇಕು ಅಂತ ನನಗನಿಸುತ್ತದೆ.

ಹೆಜ್ಜೆ 2: ಬ್ರಾಂಚ್ ಚಿಕ್ಕದಿರಲಿ, ಪ್ರತಿ ಸಂಜೆ ಪುಶ್ ಆಗಲಿ

ಬ್ರಾಂಚ್ ಅಂದರೆ ಕೋಡಿನ ಒಂದು ಕವಲು, ಮೇನ್ ಅಂದರೆ ಎಲ್ಲರ ಕೆಲಸ ಬಂದು ಸೇರುವ ಮುಖ್ಯ ಕವಲು. ಮೇನ್ ಬ್ರಾಂಚ್ ಯಾವಾಗಲೂ ಓಡುವ ಸ್ಥಿತಿಯಲ್ಲಿರಬೇಕು. ನೀವು ಮಲಗಿರುವಾಗ ಇನ್ನೊಬ್ಬರು ಅದರ ಮೇಲೆ ಕೆಲಸ ಶುರು ಮಾಡುತ್ತಾರೆ. ಅದು ಮುರಿದಿದ್ದರೆ ಅವರ ದಿನವೇ ಹೋಯಿತು.

ಒಂದು ಕೆಲಸಕ್ಕೆ ಒಂದು ಬ್ರಾಂಚ್. ಆಯಸ್ಸು ಎರಡು ಮೂರು ದಿನ. ವಾರಗಟ್ಟಲೆ ಬೆಳೆದ ಬ್ರಾಂಚನ್ನು ಸೇರಿಸುವ ಕಷ್ಟ ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮನೆಗೆ ಹೊರಡುವ ಮುಂಚೆ ಪುಶ್ ಮಾಡಿ (ಕಮಿಟ್‌ಗಳನ್ನು ಸರ್ವರಿಗೆ ಕಳಿಸಿ), ಕೆಲಸ ಅರ್ಧವಾಗಿದ್ದರೂ ಸರಿ. ಡ್ರಾಫ್ಟ್ ಪುಲ್ ರಿಕ್ವೆಸ್ಟ್ (ಬ್ರಾಂಚನ್ನು ನೋಡಿ ಮೇನ್‌ಗೆ ಸೇರಿಸಿ ಅನ್ನುವ ಕೋರಿಕೆಯ ಕರಡು) ಅಂತ ತೆರೆದಿಡಿ, ಗಿಟ್‌ಲ್ಯಾಬ್ ತಾಣ ಆದರೆ ಡ್ರಾಫ್ಟ್ ಮರ್ಜ್ ರಿಕ್ವೆಸ್ಟ್. ಅದರಲ್ಲಿ ಮೂರು ಸಾಲು ಬರೆಯಿರಿ: ಏನು ಮುಗಿಯಿತು, ಏನು ಬಾಕಿ, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಬೆಂಗಳೂರಿನ ಮಳೆಗೆ ಕರೆಂಟ್ ಹೋದರೂ, ಬೆಳಗ್ಗೆ ಜ್ವರ ಬಂದು ರಜೆ ಹಾಕಿದರೂ ಬರ್ಲಿನ್‌ನವರು ಅಲ್ಲಿಂದಲೇ ಮುಂದುವರಿಸಬಹುದು.

ಹೆಜ್ಜೆ 3: ಕಮಿಟ್ ಸಂದೇಶಕ್ಕೆ ಸಮಯ ಕೊಡಿ

ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ಎಲ್ಲಕ್ಕಿಂತ ಮುಖ್ಯ ಇದು. "ಬಗ್ ಫಿಕ್ಸ್", "ಸಣ್ಣ ಬದಲಾವಣೆ" ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಏನು ಬದಲಾಯಿತು ಅನ್ನುವುದನ್ನು ಗಿಟ್ ತಾನೇ ತೋರಿಸುತ್ತದೆ. ಯಾಕೆ ಅನ್ನುವುದನ್ನು ನೀವು ಮಾತ್ರ ಹೇಳಬಲ್ಲಿರಿ.

ಒಂದು ಉದಾಹರಣೆ. ತಿಂಗಳ ಪಾಸ್ ಕೊಡುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಅದರ ಒಂದು ಕಮಿಟ್ ಹೀಗಿರಬಹುದು:

"ಪಾಸ್ ಶುರುವಾಗುವ ದಿನವನ್ನು ಭಾರತದ ಸಮಯದಲ್ಲಿ ನೋಡು

ಸರ್ವರ್ ಯುಟಿಸಿ ಸಮಯ ಬಳಸುತ್ತದೆ. ನಮ್ಮಲ್ಲಿ ಬೆಳಗ್ಗೆ 5:30 ಆಗುವವರೆಗೂ ಅಲ್ಲಿ ಹಿಂದಿನ ತಾರೀಖೇ ಇರುತ್ತದೆ. ಹಾಗಾಗಿ 1ನೇ ತಾರೀಖು ಬೆಳಗ್ಗೆ 4:45ರ ಬಸ್ ಹತ್ತಿದವರಿಗೆ 'ಪಾಸ್ ಇನ್ನೂ ಶುರುವಾಗಿಲ್ಲ' ಅಂತ ಬರುತ್ತಿತ್ತು. ಸರ್ವರಿನ ಗಡಿಯಾರವನ್ನೇ ಬದಲಿಸಿ ನೋಡಿದೆ, ವರದಿಗಳ ಲೆಕ್ಕ ತಪ್ಪಿತು, ಅದನ್ನು ಕೈಬಿಟ್ಟೆ. ಪಾಸ್ ಮುಗಿಯುವ ದಿನದ ಲೆಕ್ಕವನ್ನು ಇನ್ನೂ ಪರೀಕ್ಷಿಸಿಲ್ಲ."

ಮೊದಲ ಸಾಲು ಚಿಕ್ಕದು, ಸುಮಾರು 50 ಅಕ್ಷರದೊಳಗೆ ಇದ್ದರೆ ಪಟ್ಟಿಯಲ್ಲಿ ಪೂರ್ತಿ ಕಾಣುತ್ತದೆ. ಆಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ಕಾರಣ. ಪ್ರಯತ್ನಿಸಿ ಬಿಟ್ಟ ದಾರಿಯನ್ನು ಬರೆದದ್ದು ನೋಡಿ. ಇನ್ನೊಬ್ಬರು ಅದೇ ದಾರಿ ಹಿಡಿದು ಒಂದು ದಿನ ಕಳೆಯುವುದು ತಪ್ಪುತ್ತದೆ. "ಪರೀಕ್ಷಿಸಿಲ್ಲ" ಅಂತ ಒಪ್ಪಿಕೊಂಡ ಕೊನೆಯ ಸಾಲು ಇನ್ನೂ ಬೆಲೆಬಾಳುವುದು. ರಿವ್ಯೂ ಮಾಡುವವರು ಸೀದಾ ಅಲ್ಲಿಗೇ ಹೋಗುತ್ತಾರೆ.

ಭಾಷೆ ಯಾವುದು? ತಂಡದಲ್ಲಿ ಎಲ್ಲರಿಗೂ ಕನ್ನಡ ಬಂದರೆ ಕನ್ನಡದಲ್ಲೇ ಬರೆಯಿರಿ, ಗಿಟ್ ಯೂನಿಕೋಡ್ ಸಂದೇಶಗಳನ್ನು ಚೆನ್ನಾಗಿಯೇ ಇಟ್ಟುಕೊಳ್ಳುತ್ತದೆ. ಬರ್ಲಿನ್‌ನವರು ಓದಬೇಕೆಂದರೆ ಇಂಗ್ಲಿಷ್. ಬಣ್ಣದ ಇಂಗ್ಲಿಷ್ ಬೇಕಿಲ್ಲ, ಕಾರಣ ತಿಳಿದರೆ ಸಾಕು. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಅಂತ ಸಂಕೋಚಪಟ್ಟು ಒಂದೇ ಸಾಲು ಬರೆದು ಸುಮ್ನೆ ಆಗುವ ಹುಡುಗ ಹುಡುಗಿಯರನ್ನು ಬಹಳ ನೋಡಿದ್ದೇನೆ. ಅವರಿಗೆ ಹಿರಿಯರು ಧೈರ್ಯ ಹೇಳಬೇಕು.

ಹೆಜ್ಜೆ 4: ಬೆಳಗ್ಗೆ ಮೊದಲು ಓದಿ, ಆಮೇಲೆ ಬರೆಯಿರಿ

ಬಂದ ಕೂಡಲೇ "ಗಿಟ್ ಪುಲ್" ಒತ್ತಬೇಡಿ. "ಗಿಟ್ ಫೆಚ್" ಮಾಡಿ. ಫೆಚ್ ಹೊಸದನ್ನೆಲ್ಲ ತರುತ್ತದೆ, ನಿಮ್ಮ ಫೈಲು ಮುಟ್ಟುವುದಿಲ್ಲ. ಪುಲ್ ತಂದು ಸೇರಿಸಿಯೇ ಬಿಡುತ್ತದೆ. ಫೆಚ್ ಆದ ಮೇಲೆ ರಾತ್ರಿ ಏನೇನು ಬಂದಿದೆ ಅಂತ ಹತ್ತು ನಿಮಿಷ ಲಾಗ್ (ಕಮಿಟ್‌ಗಳ ಪಟ್ಟಿ) ಓದಿ. ಕಮಿಟ್‌ನ ಸಮಯದ ಜೊತೆ +0530 ಥರದ ಗುರುತು ಇರುತ್ತದೆ, ಅದರಿಂದ ಯಾರು ಯಾವ ಹೊತ್ತಲ್ಲಿ ಮಾಡಿದರು ಗೊತ್ತಾಗುತ್ತದೆ. ಎಲ್ಲವೂ ನಮ್ಮ ಸಮಯದಲ್ಲೇ ಕಾಣಲಿ ಅಂದರೆ "ಗಿಟ್ ಲಾಗ್ --ಡೇಟ್=ಲೋಕಲ್".

ಆಮೇಲೆ ನಿಮ್ಮ ಬ್ರಾಂಚನ್ನು ಹೊಸ ಮೇನ್ ಮೇಲೆ ರಿಬೇಸ್ ಮಾಡಿ, ಅಂದರೆ ನಿಮ್ಮ ಕಮಿಟ್‌ಗಳನ್ನು ಅದರ ತುದಿಗೆ ಹೊಸದಾಗಿ ಕೂರಿಸಿ. ಆ ಬ್ರಾಂಚ್ ನಿಮ್ಮೊಬ್ಬರದ್ದೇ ಆಗಿದ್ದರೆ ಮಾತ್ರ. ಇನ್ನೊಬ್ಬರೂ ಅದರಲ್ಲಿ ಕೆಲಸ ಮಾಡುತ್ತಿದ್ದರೆ ಮರ್ಜ್ ಮಾಡಿ, ಅದು ಹಳೆಯ ಕಮಿಟ್‌ಗಳನ್ನು ಬದಲಿಸದೆ ಎರಡನ್ನೂ ಸೇರಿಸುತ್ತದೆ.

ಹೆಜ್ಜೆ 5: ರಿವ್ಯೂ ಒಂದೇ ಸುತ್ತಿನಲ್ಲಿ ಮುಗಿಯಲಿ

ಬರ್ಲಿನ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ 9 ಅಂದರೆ ಇಲ್ಲಿ ಮಧ್ಯಾಹ್ನ 12:30 ಅಥವಾ 1:30. ಊಟದ ನಂತರದ ಹೊತ್ತೆಲ್ಲ ಜೊತೆಗೆ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಹಾಗಲ್ಲ. ಅಲ್ಲಿ 9 ಆದಾಗ ಇಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಕೆಲಸದ ಹೊತ್ತು ಒಂದು ನಿಮಿಷವೂ ಕೂಡುವುದಿಲ್ಲ. ಅವರ ಜೊತೆಗಿನ ಮೀಟಿಂಗ್‌ಗಾಗಿ ಯಾವಾಗಲೂ ಬೆಂಗಳೂರಿನವರೇ ರಾತ್ರಿ ಎದ್ದಿರಬೇಕು ಅನ್ನುವುದು ನ್ಯಾಯವಲ್ಲ. ರಿವ್ಯೂ ಸರಿಯಾಗಿ ಬರೆದರೆ ಆ ಮೀಟಿಂಗ್‌ಗಳಲ್ಲಿ ಹೆಚ್ಚಿನವು ಬೇಕಾಗುವುದೂ ಇಲ್ಲ.

ಕಳಿಸುವವರು ಪುಲ್ ರಿಕ್ವೆಸ್ಟನ್ನು ಚಿಕ್ಕದಾಗಿ ಇಡಬೇಕು. 200-300 ಸಾಲು ದಾಟಿದರೆ ನಾನು ಎರಡು ಮಾಡಿ ಅನ್ನುತ್ತೇನೆ. ಹೆಸರು ಬದಲಿಸಿದ್ದು ಒಂದರಲ್ಲಿ, ಕೆಲಸ ಬದಲಾದದ್ದು ಇನ್ನೊಂದರಲ್ಲಿ ಬಂದರೆ ಓದುವುದು ಸುಲಭ. ಪರದೆ ಬದಲಾಗಿದ್ದರೆ ಚಿತ್ರ ಹಾಕಿ. ಪರೀಕ್ಷೆಗಳು ಪುಶ್ ಆದ ಕೂಡಲೇ ತಾವೇ ಓಡುವ ಹಾಗೆ ಮಾಡಿಟ್ಟುಕೊಳ್ಳಿ. "ಇದು ಓಡುತ್ತದಾ?" ಅಂತ ಕೇಳಲು ಯಾರೂ ಒಂದು ದಿನ ಕಾಯಬಾರದು.

ನೋಡುವವರ ಜವಾಬ್ದಾರಿ ಇನ್ನೂ ಜಾಸ್ತಿ. ಒಂದು ತಪ್ಪು ಕಂಡ ಕೂಡಲೇ ಅಷ್ಟನ್ನೇ ಬರೆದು ಎದ್ದುಹೋಗಬೇಡಿ. ಕೊನೆವರೆಗೂ ಓದಿ, ಎಲ್ಲವನ್ನೂ ಒಟ್ಟಿಗೆ ಬರೆಯಿರಿ. ಪ್ರತಿ ಟಿಪ್ಪಣಿಯ ಮುಂದೆ ನಾವು "ಆಗಲೇಬೇಕು" ಅಥವಾ "ಸಲಹೆ" ಅಂತ ಹಾಕುತ್ತೇವೆ. ಈ ಒಂದು ಪದ ಇಲ್ಲದಿದ್ದರೆ ಕಿರಿಯರು ಸಲಹೆಯನ್ನೂ ಆಜ್ಞೆ ಅಂದುಕೊಂಡು ರಾತ್ರಿಯೆಲ್ಲ ಕೂರುತ್ತಾರೆ. "ಇದು ಯಾಕೆ ಹೀಗೆ?" ಅಂತ ಬರೀ ಪ್ರಶ್ನೆ ಬಿಡಬೇಡಿ. "ಇದು ವೇಗಕ್ಕಾಗಿ ಆದರೆ ಹೀಗೇ ಇರಲಿ, ಬೇರೆ ಕಾರಣವಿಲ್ಲದಿದ್ದರೆ ಹಳೆಯ ರೀತಿಗೆ ತನ್ನಿ" ಅಂತ ಬರೆಯಿರಿ. ಆಗ ಅವರು ನಿಮ್ಮನ್ನು ಕಾಯಬೇಕಿಲ್ಲ. ಬಾಕಿ ಉಳಿದದ್ದು ಬರೀ ಸಲಹೆ ಆಗಿದ್ದರೆ ಒಪ್ಪಿಗೆ ಒತ್ತಿಯೇ ಹೋಗಿ.

ಹೆಜ್ಜೆ 6: ಕಾನ್ಫ್ಲಿಕ್ಟ್ ಬಂದರೆ ಊಹೆ ಬೇಡ

ಇಬ್ಬರು ಒಂದೇ ಸಾಲು ಮುಟ್ಟಿದರೆ ಗಿಟ್ ಇಬ್ಬರದ್ದನ್ನೂ ಮುಂದಿಟ್ಟು ನಿಲ್ಲುತ್ತದೆ. ಮೊದಲು ಆ ಸಾಲು ಹೇಗಿತ್ತು ಅಂತ ಮಾತ್ರ ತೋರಿಸುವುದಿಲ್ಲ. ಆದರೆ ಯಾರು ಏನನ್ನು ಬದಲಿಸಿದರು ಅಂತ ತಿಳಿಯಲು ಅದೇ ಬೇಕು. "ಮರ್ಜ್.ಕಾನ್ಫ್ಲಿಕ್ಟ್‌ಸ್ಟೈಲ್" ಸೆಟ್ಟಿಂಗನ್ನು "ಡಿಫ್3" ಮಾಡಿ, ಮೂಲ ಸಾಲೂ ಕಾಣುತ್ತದೆ. "ರಿರಿರಿ.ಎನೇಬಲ್ಡ್" (rerere.enabled) ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಹಾಕಿಟ್ಟರೆ ಒಮ್ಮೆ ಬಿಡಿಸಿದ ಕಾನ್ಫ್ಲಿಕ್ಟನ್ನು ಗಿಟ್ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಬಿಡಿಸುತ್ತದೆ.

ಇನ್ನೊಬ್ಬರ ಉದ್ದೇಶ ಗೊತ್ತಾಗದಿದ್ದರೆ ಮೊದಲು ಅವರ ಕಮಿಟ್ ಸಂದೇಶ ಓದಿ. ಅದರಲ್ಲೂ ಸಿಗದಿದ್ದರೆ ಆ ಕೆಲಸ ಅಲ್ಲೇ ಬಿಟ್ಟು ಬೇರೆ ಬ್ರಾಂಚ್‌ಗೆ ಹೋಗಿ. ಒಂದು ದಿನ ತಡವಾಗಬಹುದು. ತಪ್ಪಾಗಿ ಬಿಡಿಸಿದ ಕಾನ್ಫ್ಲಿಕ್ಟ್ ವಾರಗಟ್ಟಲೆ ಯಾರಿಗೂ ಕಾಣದೆ ಕೂತಿರಬಹುದು.

ಹೆಜ್ಜೆ 7: ಫೋರ್ಸ್ ಪುಶ್‌ಗೆ ಬೇಲಿ ಹಾಕಿ

ಇದನ್ನು ನಾನು ನೋವಿನಿಂದಲೇ ಕಲಿತೆ. ಜುಲೈ ತಿಂಗಳ ಒಂದು ಸಂಜೆ. ನಾನು ಮತ್ತು ಶಿರಸಿಯ ಗೆಳೆಯ ಒಂದೇ ಬ್ರಾಂಚ್‌ನಲ್ಲಿದ್ದೆವು. ಅದನ್ನು ರಿಬೇಸ್ ಮಾಡಿದೆ. ಪುಶ್ ಹೋಗಲಿಲ್ಲ. ಸರ್ವರಿನಲ್ಲಿದ್ದದ್ದರ ಮೇಲೆ ಬಲವಂತವಾಗಿ ಬರೆಯುವ "--ಫೋರ್ಸ್" ಹಾಕಿದೆ, ಹೋಯಿತು. ಆ ಮಧ್ಯಾಹ್ನ ಅವರು ಹಾಕಿದ್ದ ನಾಲ್ಕು ಕಮಿಟ್ ಸರ್ವರಿನ ಬ್ರಾಂಚ್‌ನಿಂದ ಹೋದವು. ಫೋನ್ ಮಾಡಿದರೆ ಸಿಗುತ್ತಿಲ್ಲ. ಮಲೆನಾಡಿನ ಮಳೆ, ಅಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ 9ಕ್ಕೆ ಅವರೇ ಫೋನ್ ಮಾಡಿ "ನನ್ನ ಲ್ಯಾಪ್‌ಟಾಪಲ್ಲಿ ಎಲ್ಲ ಇದೆ ಮಾರಾಯ್ರೆ, ಹೆದರ್ಬೇಡಿ" ಅಂದರು. ಅವರ ಕ್ಲೋನ್‌ನಲ್ಲಿ ನಾಲ್ಕೂ ಕಮಿಟ್ ಹಾಗೇ ಇದ್ದವು.

ಅಂದಿನಿಂದ ಬರೀ "--ಫೋರ್ಸ್" ನಮ್ಮಲ್ಲಿ ಇಲ್ಲ. ಬದಲಿಗೆ "--ಫೋರ್ಸ್-ವಿತ್-ಲೀಸ್". ನೀವು ಕೊನೆಯ ಸಲ ನೋಡಿದ ಮೇಲೆ ಸರ್ವರಿನಲ್ಲಿ ಬೇರೆಯವರದ್ದು ಏನಾದರೂ ಬಂದಿದ್ದರೆ ಇದು ಪುಶ್ ತಡೆಯುತ್ತದೆ. ಆದರೆ ಒಂದು ಎಚ್ಚರ: ಕೆಲವು ಎಡಿಟರ್‌ಗಳು ಹಿನ್ನೆಲೆಯಲ್ಲಿ ತಾವೇ ಫೆಚ್ ಮಾಡುತ್ತಿರುತ್ತವೆ. ಆಗ ನೀವು ನೋಡಿಲ್ಲದಿದ್ದರೂ ನೋಡಿದ್ದೀರಿ ಅಂತ ಗಿಟ್ ತಿಳಿಯುತ್ತದೆ. ಅದಕ್ಕೇ ಜೊತೆಗೆ "--ಫೋರ್ಸ್-ಇಫ್-ಇನ್‌ಕ್ಲೂಡ್ಸ್" ಕೂಡ ಹಾಕಿ. ಗಿಟ್ 2.30ರಿಂದ ಇದೆ. ಮೇನ್ ಬ್ರಾಂಚ್‌ಗಂತೂ ಫೋರ್ಸ್ ಪುಶ್ ಆಗದ ಹಾಗೆ ಸರ್ವರಿನಲ್ಲೇ ಬೀಗ ಹಾಕಿ.

ನಿಮ್ಮದೇ ಕಮಿಟ್ ಕಳೆದುಹೋದರೆ "ಗಿಟ್ ರಿಫ್ಲಾಗ್" ನೋಡಿ. ಬ್ರಾಂಚ್‌ನಿಂದ ಜಾರಿದ ಕಮಿಟ್‌ಗಳ ಜಾಡನ್ನೂ ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟಿರುತ್ತದೆ.

ಹೆಜ್ಜೆ 8: ನೆಟ್ ಕಡಿಮೆ ಇರುವ ಊರಿಗೆ

ಗಿಟ್ ಕ್ಲೋನ್ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಶುರು. ಫೈಬರ್ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಳ್ಳಿಯಲ್ಲಿ ಕೂತವರಿಗೆ ಅದೇ ದೊಡ್ಡ ಕಷ್ಟ. "--ಡೆಪ್ತ್ 1" ಹಾಕಿದರೆ ಬೇಗ ಬರುತ್ತದೆ, ಆದರೆ ಇತಿಹಾಸ ಬರುವುದಿಲ್ಲ. ಇಷ್ಟು ಶ್ರದ್ಧೆಯಿಂದ ಬರೆದ ಸಂದೇಶಗಳು ಅವರಿಗೆ ಸಿಗದಿದ್ದರೆ ಏನು ಬಂತು? "--ಫಿಲ್ಟರ್=ಬ್ಲಾಬ್:ನನ್" ವಾಸಿ. ಕಮಿಟ್‌ಗಳೆಲ್ಲ ಬರುತ್ತವೆ, ಹಳೆಯ ಫೈಲುಗಳ ಒಳಗಿನದ್ದು ಬೇಕಾದಾಗ ಮಾತ್ರ ಇಳಿಯುತ್ತದೆ.

ಅದೂ ಆಗದಿದ್ದರೆ ಪೆನ್‌ಡ್ರೈವ್. "ಗಿಟ್ ಬಂಡಲ್ ಕ್ರಿಯೇಟ್ ಪ್ರಾಜೆಕ್ಟ್.ಬಂಡಲ್ --ಆಲ್" ಅಂದರೆ ಬ್ರಾಂಚ್‌ಗಳು, ಟ್ಯಾಗ್‌ಗಳು, ಅವುಗಳ ಇತಿಹಾಸ ಎಲ್ಲ ಒಂದೇ ಫೈಲಿಗೆ ಬರುತ್ತದೆ. ನಾವು ಅದನ್ನು ಶಿರಸಿಗೆ ರಾತ್ರಿ ಬಸ್ಸಿನಲ್ಲಿ ಹೊರಟವರ ಕೈಯಲ್ಲಿ ಕಳಿಸಿದ್ದೇವೆ. ಅಲ್ಲಿ ಬಂಡಲ್‌ನಿಂದಲೇ ಕ್ಲೋನ್ ಮಾಡಿ, ರಿಮೋಟ್ ವಿಳಾಸವನ್ನು ಸರ್ವರಿಗೆ ಬದಲಿಸಿ ಫೆಚ್ ಮಾಡಿದರೆ ಉಳಿದ ಒಂದೆರಡು ದಿನದ್ದು ಮಾತ್ರ ನೆಟ್‌ನಲ್ಲಿ ಇಳಿಯುತ್ತದೆ.

ವಿಡಿಯೋ, ದೊಡ್ಡ ಚಿತ್ರಗಳನ್ನು ಸೀದಾ ರೆಪೊಗೆ ಹಾಕಬೇಡಿ. ರೆಪೊಗಳನ್ನು ಇಡುವ ಗಿಟ್‌ಹಬ್ ತಾಣ 100 ಎಂಬಿಗಿಂತ ದೊಡ್ಡ ಫೈಲನ್ನು ತಗೊಳ್ಳುವುದೂ ಇಲ್ಲ. ಅಂಥವನ್ನು ಬೇರೆ ಕಡೆ ಇಟ್ಟು ರೆಪೊದಲ್ಲಿ ಗುರುತು ಮಾತ್ರ ಇಡುವ ಗಿಟ್ ಎಲ್‌ಎಫ್‌ಎಸ್ ಇದೆ.

ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಬೇಕಾದ ಗುಟ್ಟಿನ ಸಂಕೇತ) ತಪ್ಪಿ ಪುಶ್ ಆದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿ ಪ್ರಯೋಜನವಿಲ್ಲ. ಅದು ಆಗಲೇ ಮೂರು ದೇಶದ ಲ್ಯಾಪ್‌ಟಾಪ್‌ಗಳಲ್ಲಿ ಇರಬಹುದು. ಮೊದಲು ಆ ಕೀ ರದ್ದು ಮಾಡಿ, ಆಮೇಲೆ ಇತಿಹಾಸ ತೊಳೆಯುವ ಮಾತು.

ಹೆಜ್ಜೆ 9: ಎಚ್ಚರವಿರುವವರಿಗೆ ಅಧಿಕಾರ ಕೊಡಿ

ರಾತ್ರಿ 2 ಗಂಟೆಗೆ ಹೊಸ ರಿಲೀಸ್ ಮುರಿದು ಬೀಳುತ್ತದೆ. ಬದಲಾವಣೆ ನಮ್ಮದು, ನಾವು ನಿದ್ದೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದವರು ಎಚ್ಚರ. ಅವರು "ಇನ್ನೊಬ್ಬರ ಕೋಡ್ ಹೇಗೆ ಮುಟ್ಟಲಿ" ಅಂತ ಹಿಂಜರಿದರೆ ಬೆಳಗಿನವರೆಗೂ ಗ್ರಾಹಕರು ಒದ್ದಾಡುತ್ತಾರೆ. ಹಾಗಾಗಿ ನಮ್ಮಲ್ಲಿ ಒಂದು ಮಾತಾಗಿದೆ: ಮೇನ್ ಮುರಿದರೆ ಎಚ್ಚರವಿರುವ ಯಾರು ಬೇಕಾದರೂ, ಯಾರನ್ನೂ ಕೇಳದೆ ರಿವರ್ಟ್ ಮಾಡಬಹುದು, ಅಂದರೆ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಮಾರನೇ ದಿನ ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ.

ಯಾವ ಕಮಿಟ್‌ನಿಂದ ಮುರಿಯಿತು ಅಂತ ಗೊತ್ತಿಲ್ಲದಿದ್ದರೆ "ಗಿಟ್ ಬೈಸೆಕ್ಟ್". ಸರಿಯಿದ್ದ ಒಂದು ಕಮಿಟ್, ಮುರಿದ ಒಂದು ಕಮಿಟ್ ಹೇಳಿದರೆ ಅದು ನಡುವಿನದ್ದನ್ನು ಕೊಟ್ಟು ನೋಡು ಅನ್ನುತ್ತದೆ. ಪ್ರತಿ ಸಲ ಅರ್ಧ ಅರ್ಧ. 1000 ಕಮಿಟ್ ಇದ್ದರೂ ಸುಮಾರು 10 ಸಲ ಪರೀಕ್ಷಿಸಿದರೆ ತಪ್ಪಿನ ಕಮಿಟ್ ಕೈಗೆ ಸಿಗುತ್ತದೆ. ಕಮಿಟ್ ಚಿಕ್ಕದಿದ್ದು, ಪ್ರತಿಯೊಂದೂ ಓಡುವಂತಿದ್ದರೆ ಮಾತ್ರ ಇದು ಸಲೀಸು.

ಸಿಕ್ಕಿದ ಮೇಲೆ ಬ್ರಾಂಚನ್ನೇ ಹಿಂದಕ್ಕೆ ಎಳೆಯುವ ರಿಸೆಟ್ ಮಾಡಬೇಡಿ, "ಗಿಟ್ ರಿವರ್ಟ್" ಮಾಡಿ. ಹಳೆಯದು ಅಳಿಯುವುದಿಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊಸ ಕಮಿಟ್ ಒಂದು ಸೇರುತ್ತದೆ. ಗಿಟ್ ತಾನೇ ಹಾಕಿಕೊಡುವ ಸಂದೇಶದ ಕೆಳಗೆ ಎರಡು ಸಾಲು ಬರೆಯಿರಿ: ಏನು ಕಂಡಿತು, ಯಾವ ಲಾಗ್ ನೋಡಿದಿರಿ. ಬೆಳಗ್ಗೆ 10ಕ್ಕೆ ಜಯನಗರದಲ್ಲಿ ಫೆಚ್ ಮಾಡಿದವರು ಆ ಎರಡು ಸಾಲು ಓದಿ ಕೆಲಸ ಶುರು ಮಾಡುತ್ತಾರೆ.